ಮೂರು ಬಾಣಗಳ ನಡುವೆ: ಪ್ಲಾಸ್ಟಿಕ್ ಮರುಬಳಕೆಯ ಪಾಠಕ್ಕೆ ಪೂರಕ ಟಿಪ್ಪಣಿ

ಪ್ಲಾಸ್ಟಿಕ್ ಮರುಬಳಕೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲೆ ಮೂರು ಬಾಣಗಳ ತ್ರಿಕೋನ ಬರೆದು, ‘ಹಳೆಯ ಬಾಟಲಿ ಮತ್ತೆ ಬಾಟಲಿಯಾಗುತ್ತದೆ’ ಎಂದು ಮುಗಿಸುತ್ತಾರೆ. ವೃತ್ತಾಕಾರದ ಆರ್ಥಿಕತೆಯನ್ನು ಅರ್ಥಮಾಡಿಸಲು ಈ ಚಿತ್ರ ಸಾಲದು. ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆ ಇರುವ ಸಣ್ಣ ಘಟಕಗಳಲ್ಲಿ ಆ ವೃತ್ತ ತಾನಾಗಿ ತಿರುಗುವುದಿಲ್ಲ. ಬೇರ್ಪಡಿಸುವ ಕೆಲಸ ಕೆಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ.

ಗುಜರಿ ಅಂಗಡಿಯಿಂದ ಬಂದ ಮೂಟೆಯಲ್ಲಿ ನೀರಿನ ಬಾಟಲಿ, ಶಾಂಪೂ ಡಬ್ಬಿ, ಒಡೆದ ಬಕೆಟ್, ಪೈಪಿನ ತುಂಡು ಎಲ್ಲವೂ ಕಲೆತಿರುತ್ತವೆ. ಮಕ್ಕಳಿಗೆ ಇವೆಲ್ಲ ‘ಪ್ಲಾಸ್ಟಿಕ್’. ಘಟಕದವರಿಗೆ ಬೇರೆ ಬೇರೆ ಸರಕು. ನೀರಿನ ಬಾಟಲಿಯ ಪಿಇಟಿ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಶಾಖಕ್ಕೆ ಪೈಪಿನ ಪಿವಿಸಿ ವಿಘಟನೆಗೊಂಡು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಸ್ವಲ್ಪವೇ ಪಿವಿಸಿ ಸೇರಿದರೂ ಸರಕು ಬಣ್ಣಗೆಡುತ್ತದೆ, ಯಂತ್ರಕ್ಕೂ ತುಕ್ಕು ಹತ್ತುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಟಬ್ ನೀರು ಸಾಕು. ನೀರಿನ ಬಾಟಲಿಯನ್ನೂ ಅದರ ಮುಚ್ಚಳವನ್ನೂ ಸಣ್ಣ ತುಂಡುಗಳಾಗಿ ಕತ್ತರಿಸಿ ಹಾಕಿಸಿ. ಬಾಟಲಿಯ ತುಂಡಿನ ಸಾಂದ್ರತೆ ಸುಮಾರು 1.38, ಅದು ಮುಳುಗುತ್ತದೆ. ಮುಚ್ಚಳದ್ದು 0.95ರ ಆಸುಪಾಸು, ಅದು ತೇಲುತ್ತದೆ. (ಗಾಳಿಗುಳ್ಳೆ ಅಂಟಿಕೊಂಡರೆ ಬಾಟಲಿಯ ತುಂಡೂ ತೇಲಿ ಪಾಠ ಕೆಡಿಸುತ್ತದೆ; ಒಂದೆರಡು ಹನಿ ಸೋಪಿನ ನೀರು ಬೆರೆಸಿ ತುಂಡುಗಳನ್ನು ಅದ್ದಿ ಬಿಡಿ.) ಘಟಕದ ತೊಟ್ಟಿಯಲ್ಲಿ ನಡೆಯುವುದೂ ಇದೇ. ಈಗ ಪಿವಿಸಿ ಪೈಪಿನ ಚೂರೊಂದನ್ನು ಹಾಕಿ. ಅದೂ ಮುಳುಗುತ್ತದೆ! ‘ಇವೆರಡನ್ನು ಬೇರೆ ಮಾಡುವುದು ಹೇಗೆ?’ ಎಂದು ಕೇಳಿ, ಮಕ್ಕಳಿಗೆ ಯೋಚಿಸಲು ಬಿಡಿ. ಉತ್ತರ ಹೇಳುವ ಆತುರ ಬೇಡ. ನೀರಿಗೆ ಆಗದ ಕೆಲಸ ಸಣ್ಣ ಘಟಕದಲ್ಲಿ ಮನುಷ್ಯರ ಕೈಗೆ ಬರುತ್ತದೆ. ಪುಡಿ ಮಾಡುವ ಮೊದಲೇ ನೋಡಿ, ಮುಟ್ಟಿ, ಬಗ್ಗಿಸಿ ಆರಿಸುವವರ ಕೌಶಲದ ಮೇಲೆ ಮಾಲೀಕನಿಗೆ ಸಿಗುವ ಬೆಲೆ ನಿಂತಿದೆ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆಯಾಗಿದ್ದರೆ ಅವರ ಕೆಲಸ ಎಷ್ಟು ಹಗುರಾಗುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ತಾವೇ ಹೇಳಬಲ್ಲರು.

ಬೆಲೆಯ ಮಾತನ್ನು ವಿಜ್ಞಾನದ ಪಾಠದಿಂದ ಹೊರಗಿಡಬೇಕಿಲ್ಲ. ಕಚ್ಚಾ ತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ, ಮರುಬಳಕೆಯ ಸರಕನ್ನು ಕೇಳುವವರು ಕಡಿಮೆಯಾಗುತ್ತಾರೆ. ಆದರೆ ಆರಿಸಿ ತೊಳೆಯುವ ಖರ್ಚು ಇಳಿಯುವುದಿಲ್ಲ. 2022ರ ವಿಸ್ತೃತ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿಯಂತೆ ಉತ್ಪಾದಕರು ಮರುಬಳಕೆ ಪ್ರಮಾಣಪತ್ರಗಳನ್ನು ಕೊಳ್ಳಬಹುದು. ಅವನ್ನು ಕೊಡಬಲ್ಲವರು ನೋಂದಾಯಿತ ಘಟಕದವರು ಮಾತ್ರ, ಹಾಗಾಗಿ ನೋಂದಣಿಯಿಲ್ಲದ ಸಣ್ಣವರಿಗೆ ಈ ಆದಾಯ ದಕ್ಕುವುದಿಲ್ಲ.

ಇನ್ನು ‘ಬಾಟಲಿ ಮತ್ತೆ ಬಾಟಲಿ’ ಎಂಬ ಮಾತು. ಕರಗಿಸಿದಾಗಲೆಲ್ಲ ಪಾಲಿಮರ್ ಸರಪಳಿಗಳು ತುಂಡಾಗಿ ಗುಣ ಕುಗ್ಗುತ್ತದೆ. ಹೀಗಾಗಿ ಬಾಟಲಿಗಳ ದೊಡ್ಡ ಪಾಲು ಬಟ್ಟೆ, ದಿಂಬುಗಳಿಗೆ ಬೇಕಾದ ಪಾಲಿಯೆಸ್ಟರ್ ಎಳೆಯಾಗುತ್ತದೆ. ಹಲವು ಪದರಗಳ ಚಿಪ್ಸ್ ಪೊಟ್ಟಣವನ್ನಂತೂ ಸಣ್ಣ ಘಟಕಗಳು ಸಾಮಾನ್ಯವಾಗಿ ಕೊಳ್ಳುವುದೇ ಇಲ್ಲ.

ಮೌಲ್ಯಮಾಪನಕ್ಕೆ ‘ಮರುಬಳಕೆ ಎಂದರೇನು?’ ಎಂದು ಕೇಳುವ ಬದಲು, ಒಂದು ಶಾಂಪೂ ಡಬ್ಬಿ, ಅದರ ಮುಚ್ಚಳ, ಒಂದು ಚಿಪ್ಸ್ ಪೊಟ್ಟಣ ಕೊಟ್ಟು, ಯಾವುದು ಗುಜರಿಯವರಿಗೆ ಬೇಕು, ಯಾವುದು ಬೇಡ, ಏಕೆ ಎಂದು ಬರೆಸಿ.