ಕುಂಬಾರವಾಡದ ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಜಿಪಿಎಸ್ ನಿಲ್ಲುತ್ತದೆಯೇ?

ದಾಂಡೇಲಿಯಿಂದ ಜೋಯಿಡಾ ದಾಟಿ ಕುಂಬಾರವಾಡದ ಕಡೆ ಕಾರು ಸಾಗಿದಂತೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಆಗ ಹಿಂದಿನ ಸೀಟಿನಿಂದ ಒಂದು ಮಾತು ಬರುವುದು ಖಚಿತ: "ನೆಟ್‌ವರ್ಕ್ ಹೋಯ್ತು, ಇನ್ನು ಜಿಪಿಎಸ್ ನಡೆಯಲ್ಲ." ಇದು ತಪ್ಪು. ಆದರೆ "ಜಿಪಿಎಸ್ ಇದೆಯಲ್ಲ, ದಾರಿ ತಪ್ಪಲ್ಲ" ಎನ್ನುವುದು ಅದಕ್ಕಿಂತ ಅಪಾಯದ ತಪ್ಪು. ಪರದೆಯ ಮೇಲೆ ಕಾಣುವುದಕ್ಕೆಲ್ಲ ನಾವು ಜಿಪಿಎಸ್ ಎಂಬ ಒಂದೇ ಹೆಸರು ಕೊಟ್ಟಿರುವುದರಿಂದ ಈ ಗೊಂದಲ. ಅಲ್ಲಿ ಇರುವುದು ಬೇರೆ ಬೇರೆ ಸಂಗತಿಗಳು: ನೀವಿರುವ ಜಾಗ, ನಕ್ಷೆ, ದಾರಿ, ಸಂಚಾರದ ಮಾಹಿತಿ. ಇವುಗಳಲ್ಲಿ ಉಪಗ್ರಹ ಹೇಳುವುದು ಮೊದಲನೆಯದನ್ನು ಮಾತ್ರ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂಬುದನ್ನು ರೇಡಿಯೊ ಅಲೆಗಳಲ್ಲಿ ಸಾರುತ್ತಲೇ ಇರುತ್ತವೆ. ಫೋನು ಬರೀ ಕೇಳಿಸಿಕೊಳ್ಳುತ್ತದೆ, ಆಕಾಶವಾಣಿ ಕೇಳುವ ರೇಡಿಯೊ ಪೆಟ್ಟಿಗೆಯ ಹಾಗೆ. ಸಂಕೇತ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ಜಾಗ ಗೊತ್ತಾಗುತ್ತದೆ. ಜಾಗಕ್ಕೆ ಮೂರು ಸಾಲದೇ ಎಂದು ಕೇಳಬಹುದು. ನಾಲ್ಕನೆಯದು ಬೇಕಿರುವುದು ಫೋನಿನ ಅಗ್ಗದ ಗಡಿಯಾರದ ತಪ್ಪು ತಿದ್ದಲು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ಲೆಕ್ಕ 300 ಮೀಟರ್ ಆಚೀಚೆ ಆಗುತ್ತದೆ! ಇದರಲ್ಲೆಲ್ಲೂ ಮೊಬೈಲ್ ಟವರ್‌ನ ಪಾತ್ರವಿಲ್ಲ. ಉಪಗ್ರಹ ನಿಮ್ಮ ಕಾರನ್ನು ನೋಡುತ್ತಲೂ ಇಲ್ಲ, ನೀವು ಇದ್ದೀರೆಂಬುದೇ ಅದಕ್ಕೆ ಗೊತ್ತಿಲ್ಲ.

ಜಿಪಿಎಸ್ ಅಮೆರಿಕದ್ದು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಕೂಡ ಇದೇ ಕೆಲಸದವು. ನಮ್ಮದು ನಾವಿಕ್, ಅದರ ಸಂಚಾರ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ಪರಮಾಣು ಗಡಿಯಾರವಿದೆ.

ಹಾಗಾದರೆ ಕಾಡಿನಲ್ಲಿ ಫೋನು ತಡವರಿಸುವುದೇಕೆ? ಒಂದು ಕಾರಣ ಎ-ಜಿಪಿಎಸ್. ಇಲ್ಲಿ 'ಎ' ಎಂದರೆ ನೆರವು. ಉಪಗ್ರಹಗಳು ಎಲ್ಲಿವೆ ಎಂಬ ವಿವರವನ್ನು ಫೋನು ಇಂಟರ್ನೆಟ್‌ನಿಂದ ಕ್ಷಣದಲ್ಲಿ ಪಡೆಯುತ್ತದೆ. ನೆಟ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಸಂಕೇತ ಸ್ಪಷ್ಟವಾಗಿದ್ದರೂ ಅರ್ಧ ನಿಮಿಷ ಬೇಕು, ದಟ್ಟ ಮರಗಳ ಕೆಳಗೆ ಇನ್ನೂ ಹೆಚ್ಚು. ಒದ್ದೆ ಎಲೆಗಳು ಸಂಕೇತವನ್ನು ಕುಗ್ಗಿಸುತ್ತವೆ, ಘಟ್ಟದ ಗೋಡೆ ಆಕಾಶದ ಅರ್ಧವನ್ನು ಮುಚ್ಚುತ್ತದೆ. ಬಯಲಿನಲ್ಲಿ 5 ಮೀಟರ್ ಆಸುಪಾಸಿನಲ್ಲಿರುವ ನಿಖರತೆ ಇಲ್ಲಿ ಸಡಿಲವಾಗುತ್ತದೆ. ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಕಾಣುತ್ತದಲ್ಲ, ಅದು ಈ ಅನುಮಾನದ ಅಳತೆ. ವೃತ್ತ ದೊಡ್ಡದಾದಷ್ಟೂ ಚುಕ್ಕೆಯನ್ನು ಕಡಿಮೆ ನಂಬಿ.

ನಕ್ಷೆ ಬೇರೆಯೇ ಸಂಗತಿ. ಅದು ಮನುಷ್ಯರೂ ಯಂತ್ರಗಳೂ ಸೇರಿ ಬರೆದದ್ದು, ಇಂಟರ್ನೆಟ್ ಮೂಲಕ ಬರುವಂಥದ್ದು. ನೆಟ್ ಹೋದಾಗ ಖಾಲಿ ಪರದೆಯಲ್ಲಿ ಚುಕ್ಕೆ ಮಾತ್ರ ಓಡುತ್ತಿದ್ದರೆ ಜಿಪಿಎಸ್ ಸರಿಯಾಗಿಯೇ ಇದೆ, ನಕ್ಷೆ ಬಂದಿಲ್ಲ ಎಂದರ್ಥ. ದಾಂಡೇಲಿಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಂಡರೆ ಇದು ತಪ್ಪುತ್ತದೆ. ಇಳಿಸುವಾಗ ಕಾರವಾರದವರೆಗಿನ ಪ್ರದೇಶವೆಲ್ಲ ಚೌಕದೊಳಗೆ ಬಂದಿದೆಯೇ ನೋಡಿ. ನಕ್ಷೆ ಹಳತಾಗುವುದೂ ಉಂಟು. ಸೂಪಾ ಎಂಬ ಊರೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂದ ನಾಡಿದು, ಹಳೆಯ ನಕ್ಷೆ ನಂಬಿದವರು ನೀರಿಗಿಳಿಯಬೇಕಾದೀತು.

ಹೆಸರಿನ ಗೊಂದಲವೂ ಇದೆ. ಕುಂಬಾರವಾಡ ಎಂದರೆ ಕುಂಬಾರರ ಕೇರಿ. ಧಾರಾವಿಯಲ್ಲೂ ಒಂದಿದೆ, ದಕ್ಷಿಣ ಮುಂಬೈಯಲ್ಲೂ ಇದೆ. ಹುಡುಕುವಾಗ ಜೊತೆಗೆ ಜೋಯಿಡಾ ಎಂದು ಸೇರಿಸಿ.

ಹೆಚ್ಚು ಎಚ್ಚರ ಬೇಕಿರುವುದು ದಾರಿಯ ವಿಷಯದಲ್ಲಿ. 'ವೇಗದ ದಾರಿ', 'ಹತ್ತಿರದ ದಾರಿ' ಎಂಬುವು ತಂತ್ರಾಂಶದ ಲೆಕ್ಕ. ನಕ್ಷೆಯಲ್ಲಿ ಗೆರೆಯಿದ್ದರೆ ಅದಕ್ಕೆ ಅದು ರಸ್ತೆ. ಜೀಪು ಮಾತ್ರ ಹೋಗುವ ಕಾಡುದಾರಿಯೇ, ಅರಣ್ಯ ಇಲಾಖೆಯ ಗೇಟು ಇದೆಯೇ, ಅಣಶಿ ಘಟ್ಟದಲ್ಲಿ ಮಳೆಗೆ ಗುಡ್ಡ ಕುಸಿದಿದೆಯೇ ಎಂಬುದು ಯಾರಾದರೂ ತಿಳಿಸದೆ ಅದಕ್ಕೆ ಗೊತ್ತಾಗದು. ಜೋಯಿಡಾದ ಪಕ್ಕದ ಖಾನಾಪುರ ತಾಲ್ಲೂಕಿನಲ್ಲಿ 2024ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ಇಂಥದೇ ಗೆರೆ ನಂಬಿ ಕಾಡಿನೊಳಗೆ ಹೋಗಿ ರಾತ್ರಿಯಿಡೀ ಕಾರಿನಲ್ಲೇ ಕಳೆಯಿತು. ನೆಟ್‌ವರ್ಕ್ ಹುಡುಕಿಕೊಂಡು ಹೋಗಿ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆತಂದರು.

ತಲುಪುವ ಸಮಯ ಮತ್ತು ಕೆಂಪು-ಹಸಿರು ಗೆರೆಗಳು ಬರುವುದು ರಸ್ತೆಯಲ್ಲಿರುವ ಇತರರ ಫೋನುಗಳಿಂದ. ಬೆಂಗಳೂರಿನಲ್ಲಿ ಅದು ಸರಿಹೋಗುತ್ತದೆ. ಫೋನುಗಳೇ ಕಡಿಮೆ, ಇದ್ದರೂ ಸಿಗ್ನಲ್ ಇಲ್ಲದ ಕಡೆ ಕೆಂಪು ಕಾಣದಿದ್ದರೆ ರಸ್ತೆ ತೆರೆದಿದೆ ಎಂದರ್ಥವಲ್ಲ. ಘಟ್ಟದ ಸ್ಥಿತಿಯನ್ನು ಜೋಯಿಡಾದ ಚಹಾದಂಗಡಿಯಲ್ಲಿ ಕೇಳುವುದೇ ಮೇಲು.

ಆದರೂ ಸಿಕ್ಕಿಕೊಂಡಿರಿ ಎನ್ನಿ. ಆಗ ನೆರವಾಗುವುದು ಉಪಗ್ರಹ ಕೊಟ್ಟ ಆ ಒಂದೇ ಮಾಹಿತಿ. ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿಹಿಡಿದರೆ ಅಕ್ಷಾಂಶ-ರೇಖಾಂಶಗಳ ಎರಡು ಸಂಖ್ಯೆಗಳು ಸಿಗುತ್ತವೆ. ದಶಮಾಂಶದ ನಂತರ ನಾಲ್ಕು ಅಂಕಿಗಳಿದ್ದರೆ ಸುಮಾರು 11 ಮೀಟರ್‌ವರೆಗೆ ಜಾಗ ತಿಳಿಯುತ್ತದೆ. ಚೀಟಿಯಲ್ಲಿ ಬರೆದುಕೊಳ್ಳಿ, ಒಂದು ಕಡ್ಡಿ ಸಿಗ್ನಲ್ ಬಂದರೂ 112ಕ್ಕೆ ಓದಿ ಹೇಳಬಹುದು, ಮನೆಯವರಿಗೆ ಎಸ್ಸೆಮ್ಮೆಸ್ ಕಳಿಸಬಹುದು. ಕುಂಬಾರವಾಡದ ಸುತ್ತ ಮೊದಲನೆಯದು 15ರಿಂದ, ಎರಡನೆಯದು 74ರಿಂದ ಶುರುವಾಗುತ್ತದೆ. ಅದಲುಬದಲು ಮಾಡಿ ಹೇಳಿದರೆ ನಿಮ್ಮನ್ನು ನಾರ್ವೆಯ ಉತ್ತರದ ಸಮುದ್ರದಲ್ಲಿ ಹುಡುಕಬೇಕಾಗುತ್ತದೆ.