ಮೆಟ್ಟಿಲ ಬುಡದಲ್ಲಿ ಕಾಯುವವರು

ಸಂಜೆ ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮಳೆ ಆಗಷ್ಟೇ ಹೊಳವಾಗಿತ್ತು. ಕ್ವಾಲಾಲಂಪುರದ ಹಳೇ ಬಡಾವಣೆಯೊಂದರಲ್ಲಿ ಚರ್ಚಿನ ಹಿಂಬದಿಯ ಕಟ್ಟಡ ಹುಡುಕುತ್ತ ಎರಡು ಸುತ್ತು ಹಾಕಿದ್ದೆ. ಬೋರ್ಡಿಲ್ಲ, ಬಾಣದ ಗುರುತಿಲ್ಲ. ಮೆಟ್ಟಿಲ ಬುಡದಲ್ಲಿ ಹಿರಿಯರೊಬ್ಬರು ಮಡಿಸಿದ ಕೊಡೆ ಹಿಡಿದು ನಿಂತಿದ್ದರು. ನನ್ನನ್ನು ಕಂಡವರೇ ತಮಿಳಿನಲ್ಲಿ, ‘ಊಟ ಆಯ್ತಾ?’ ಎಂದರು. ಯಾರು ಬೇಕು, ಯಾಕೆ ಬಂದಿರಿ, ಒಂದೂ ಕೇಳಲಿಲ್ಲ.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್‌ನ ವಾರದ ಸಭೆ. ಕುಡಿತ ಬಿಡಬಯಸುವವರು ಹೆಸರು ಮುಚ್ಚಿಟ್ಟು ಸೇರುವ ಈ ಕೂಟವನ್ನು ಚಿಕ್ಕದಾಗಿ ಎಎ ಎನ್ನುತ್ತಾರೆ. ಅಲ್ಲಿ ಎಲ್ಲರೂ ಆ ಹಿರಿಯರನ್ನು ‘ಅಂಕಲ್’ ಎನ್ನುತ್ತಾರೆ. ಅವರು ನನಗೆ ಹಾಕಿದ ಷರತ್ತು ಒಂದೇ: ‘ಊರಿನ ಹೆಸರು ಬರೆದುಕೊಳ್ಳಿ. ಬೀದಿಯದ್ದು ಬೇಡ, ನಮ್ಮದೂ ಬೇಡ.’

ಅಂಕಲ್ ಮೊದಲ ಸಲ ಬಂದಾಗ ಕಟ್ಟಡ ನೋಡಿ ಹಾಗೇ ಮನೆಗೆ ಹೋದರಂತೆ. ಮರುವಾರ ಅರ್ಧ ಮೆಟ್ಟಿಲು ಹತ್ತಿದರು. ಮೇಲಿನಿಂದ ನಗು ಕೇಳಿಸಿತು. ‘ಮನೆ ಮುಳುಗಿದವರಿಗೆ ನಗು ಹೇಗೆ ಬರುತ್ತೆ ಅಂತ ಸಿಟ್ಟು ಬಂತು, ಇಳಿದುಬಿಟ್ಟೆ.’ ಮೂರನೇ ವಾರ ಸಿಗರೇಟು ಸೇದಲು ಕೆಳಗೆ ಬಂದಿದ್ದ ಯಾರೋ, ‘ಬನ್ನಿ, ಟೀ ಇದೆ’ ಅಂದರು. ಅಷ್ಟೇ ಸಾಕಾಯಿತು. ಈಗ ಹತ್ತೊಂಬತ್ತು ವರ್ಷವಾಗಿದೆ. ಅವರು ಮಾತ್ರ ವರ್ಷದ ಲೆಕ್ಕ ಹೇಳುವುದಿಲ್ಲ. ‘ಇವತ್ತು ಕುಡಿದಿಲ್ಲ’ ಎನ್ನುತ್ತಾರೆ. ಪ್ರತಿ ವಾರವೂ ಸಭೆಗೆ ಅರ್ಧ ಗಂಟೆ ಮೊದಲೇ ಬಂದು ಕೆಳಗೆ ನಿಲ್ಲುತ್ತಾರೆ. ‘ಮೇಲಿನ ಸಭೆಯನ್ನು ಯಾರು ಬೇಕಾದರೂ ನಡೆಸುತ್ತಾರೆ. ಈ ಹದಿನಾಲ್ಕು ಮೆಟ್ಟಿಲು ಹತ್ತಿಸೋದೇ ಕಷ್ಟ.’

ಅವರು ಹುಟ್ಟಿದ್ದು ಕ್ಲಾಂಗ್ ಕಡೆಯ ರಬ್ಬರ್ ಎಸ್ಟೇಟಿನಲ್ಲಿ. ತಂದೆ ಬೆಳಗಿನ ಜಾವ ಮರ ಗೀರಿ ಹಾಲು ಇಳಿಸುತ್ತಿದ್ದವರು. ಎಸ್ಟೇಟಿನೊಳಗೇ ಹೆಂಡದಂಗಡಿ, ಬಟವಾಡೆಯ ದಿನದ ದುಡ್ಡು ಮನೆಗಿಂತ ಮೊದಲು ಅಲ್ಲಿಗೆ ಹೋಗುತ್ತಿತ್ತು. ಇದರ ವಿರುದ್ಧ ಕೂಲಿಗಳು ದನಿ ಎತ್ತಿದ್ದೂ ಇದೆ. 1941ರ ಕ್ಲಾಂಗ್ ಮುಷ್ಕರದಲ್ಲಿ ಭಾರತೀಯ ಕಾರ್ಮಿಕರು ಚೀನೀಯರಷ್ಟೇ ಕೂಲಿ ಕೇಳಿದರು. ಎಸ್ಟೇಟಿನ ದೊರೆ ಎದುರಾದಾಗ ಸೈಕಲ್ಲಿನಿಂದ ಇಳಿಯಬೇಕೆಂಬ ಪದ್ಧತಿ ಹೋಗಲಿ ಎಂದರು. ಅದೇ ಬೇಡಿಕೆಗಳ ಪಟ್ಟಿಯಲ್ಲಿ ಹೆಂಡದಂಗಡಿ ಮುಚ್ಚಿಸಿ ಎಂಬುದೂ ಇತ್ತು. ಹೆಂಡದ ಜೊತೆಗೆ ‘ಸಮ್ಸು’ ಎಂಬ ಅಗ್ಗದ ಸಾರಾಯಿಯೂ ಬಡವರ ಕೈಗೆ ಬಂತು. 2018ರ ಸೆಪ್ಟೆಂಬರಿನಲ್ಲಿ ಸೆಲಾಂಗೋರ್ ಮತ್ತು ಕ್ವಾಲಾಲಂಪುರದಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಹತ್ತಾರು ಜನ ಸತ್ತರು. ಅವರಲ್ಲಿ ಹೊರದೇಶದಿಂದ ದುಡಿಯಲು ಬಂದವರೇ ಹೆಚ್ಚು.

ಎಎ ಹುಟ್ಟಿದ್ದೂ ಒಂದು ಹುಡುಕಾಟದಿಂದಲೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರಿನ ಹೋಟೆಲು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್‌ಗೆ ವ್ಯಾಪಾರ ಕೈಕೊಟ್ಟಿತ್ತು, ಪಕ್ಕದಲ್ಲೇ ಬಾರ್ ಇತ್ತು. ಅವನು ಚರ್ಚುಗಳಿಗೆ ಫೋನು ಹಚ್ಚಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕೆಂದು ಕೇಳಿದ. ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಒಪ್ಪಿದ್ದ ಬಾಬ್ ಆರು ಗಂಟೆ ಕೂತ. ಬಾಬ್ ಕೊನೆಯ ಸಲ ಕುಡಿದ ಜೂನ್ 10 ಸಂಸ್ಥೆಯ ಹುಟ್ಟುದಿನ.

ಮೇಲಿನ ಕೋಣೆಯಲ್ಲಿ ದುಂಡಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಫ್ಲಾಸ್ಕಿನಲ್ಲಿ ‘ತೆ ಓ’, ಅಂದರೆ ಹಾಲಿಲ್ಲದ ಚಹಾ. ಶುಲ್ಕವಿಲ್ಲ, ಕುಡಿತ ಬಿಡುವ ಆಸೆಯೊಂದೇ ಸದಸ್ಯತ್ವದ ಅರ್ಹತೆ. ಖರ್ಚಿಗೆ ಸದಸ್ಯರು ಮಾತ್ರ ಹಾಕಬೇಕು, ಹೊರಗಿನವರ ದುಡ್ಡು ಮುಟ್ಟುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಉಪದೇಶ ಮಾಡುವಂತಿಲ್ಲ. ನಾನು ಹೋಗಿದ್ದು ಯಾರಾದರೂ ಕೂರಬಹುದಾದ ತೆರೆದ ಸಭೆಗೆ. ಕುಡಿತದವರಿಗಷ್ಟೇ ಮೀಸಲಾದ ಸಭೆಗಳೂ ಇವೆ. ನಾನು ಕೂತ ಸಭೆಯಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಕೈ ನಡುಗುತ್ತ ಬಂದವರಿಗೆ ಅಂಕಲ್ ಮೊದಲು ಡಾಕ್ಟರ ಬಳಿ ಹೋಗಿ ಎನ್ನುತ್ತಾರೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಕುಡಿತಕ್ಕೆ ಬಿದ್ದಿದ್ದ ನನ್ನ ದೊಡ್ಡಣ್ಣನಿಗಾಗಿ ಊರಿನಲ್ಲಿ ನಾವು ಹರಕೆ ಹೊತ್ತೆವು, ಆಣೆ ಹಾಕಿಸಿದೆವು, ಗೊತ್ತಾಗದಂತೆ ಕಾಫಿಗೆ ಬೆರೆಸುವ ಪುಡಿಯನ್ನೂ ತರಿಸಿದೆವು. ಅದು ಎಷ್ಟು ಅಪಾಯವೆಂದು ಆಗ ತಿಳಿದಿರಲಿಲ್ಲ. ಬೆಂಗಳೂರಿನಲ್ಲೇ ಕನ್ನಡದಲ್ಲಿ ಎಎ ಸಭೆ ನಡೆಯುತ್ತದೆ, ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ, ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ ಎಂದು ನಮಗೆ ಹೇಳಿದವರೇ ಇರಲಿಲ್ಲ. ಹೆಸರು ಮುಚ್ಚಿಡುವುದು ಕುಡಿಯುವವನ ಮಾನ ಕಾಯುತ್ತದೆ, ಸರಿ. ಬಾಗಿಲು ಎಲ್ಲಿದೆ ಎಂಬುದನ್ನಾದರೂ ನಾವು ಬಾಯಿಬಿಟ್ಟು ಹೇಳಿಕೊಳ್ಳಬೇಕು.

ಸಭೆ ಮುಗಿದು ಕೆಳಗಿಳಿದಾಗ ರಸ್ತೆಯ ಆಚೆ ಬೈಕಿನ ಮೇಲೆ ಒಬ್ಬ ಕೂತಿದ್ದ, ಹೆಲ್ಮೆಟ್ ತೆಗೆದಿರಲಿಲ್ಲ. ಅಂಕಲ್ ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟರು. ಬೈಕು ಸ್ಟಾರ್ಟ್ ಆಯಿತು, ತಿರುವಿನಲ್ಲಿ ಕೆಂಪು ದೀಪ ಮರೆಯಾಯಿತು.

‘ಎಂಟು ಗಂಟೆಯಿಂದ ಇದ್ದ’ ಎಂದರು ಅಂಕಲ್. ಮತ್ತೆ ಹನಿಯತೊಡಗಿತ್ತು. ಕೊಡೆ ಬಿಚ್ಚಿ, ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರು.