ನಾಲಿಗೆಯ ಸಾಕ್ಷ್ಯಕ್ಕೆ ಮೂರು ಲೋಟಗಳು

ಒಂದೇ ಪಾನೀಯವನ್ನು ಸವಿದ ಇಬ್ಬರ ವರ್ಣನೆಗಳು ಒಂದಾಗುವುದು ವಿರಳ. ಬಿಯರಿನ ರುಚಿ ನೋಡುವವರಲ್ಲಿ ಒಬ್ಬರಿಗೆ ಹುರಿದ ಧಾನ್ಯದ ಪರಿಮಳ ತೋರಿದರೆ, ಮತ್ತೊಬ್ಬರಿಗೆ ಹಾಪ್ ಹೂವಿನ ಕಹಿಯೇ ಮುಂದಾಗುತ್ತದೆ. ಇದರಲ್ಲಿ ಅನುಭವವೆಷ್ಟು, ಊಹೆಯೆಷ್ಟು?

ಇದನ್ನು ಬೇರ್ಪಡಿಸಲು 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ‘ತ್ರಿಕೋನ ಪರೀಕ್ಷೆ’ ರೂಪುಗೊಂಡಿತು. ಎರಡು ಲೋಟಗಳಲ್ಲಿ ಒಂದೇ ಪೇಯ, ಮೂರನೆಯದರಲ್ಲಿ ಬೇರೆ, ಭಿನ್ನವಾದುದನ್ನು ಗುರುತಿಸಬೇಕು. ಬರಿದೆ ಊಹಿಸಿದರೂ ಮೂರರಲ್ಲಿ ಒಂದು ಬಾರಿ ಉತ್ತರ ಸರಿಯಾದೀತು.

ಅಥಣಿಯ ನಮ್ಮ ಮನೆಯಲ್ಲಿ ಬಿಯರಿಲ್ಲ. ಅದರ ದೂರದ ಬಂಧುವಾದ ಜೋಳದ ಅಂಬಲಿಯುಂಟು. ಬಿಯರಿನಲ್ಲಿ ಯೀಸ್ಟ್ ಸಕ್ಕರೆಯಿಂದ ಮದ್ಯಸಾರವನ್ನು ಉಂಟುಮಾಡಿದರೆ, ಹುಳಿಸಿದ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಒಂದು ರಾತ್ರಿ ಹುಳಿಸಿದ ಹಿಟ್ಟಿನ ಅಂಬಲಿಯನ್ನೂ ಎರಡು ರಾತ್ರಿಯದನ್ನೂ ಕಣ್ಣು ಮುಚ್ಚಿ ಗುರುತಿಸಬಲ್ಲೆನೆಂದು ನಾನು ಬೀಗಿದ್ದೆ. ತಂಗಿಯು ಲೋಟಗಳನ್ನು ಒಂದೇ ಉಷ್ಣತೆಯಲ್ಲಿಟ್ಟು, ಕ್ರಮವನ್ನು ಬದಲಿಸುತ್ತ 12 ಬಾರಿ ಪರೀಕ್ಷಿಸಿದಳು. ನನ್ನ ಸರಿಯುತ್ತರಗಳು 5. ಊಹೆಗೇ ಸರಾಸರಿ 4 ದೊರೆಯಬೇಕು! ತಾಯಿಯವರಿಗೆ 10 ದೊರೆತವು. ಊಹೆಯಿಂದ ಅಷ್ಟು ಅಥವಾ ಹೆಚ್ಚು ದೊರೆಯುವ ಸಂಭವ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ.

“ಮೊದ್ಲ ವಾಸನಿ ನೋಡೋ ತಮ್ಮಾ, ಹುಳಿ ಆಮ್ಯಾಲೆ” ಎಂದರು ಅವರು. ನಾವು ರುಚಿಯೆನ್ನುವುದರಲ್ಲಿ ಮೂಗಿನ ಪಾಲು ದೊಡ್ಡದೆಂದು ತರಗತಿಯಲ್ಲಿ ಹೇಳುವ ನಾನು ಲೋಟದೆದುರು ಅದನ್ನೇ ಮರೆತಿದ್ದೆ.

ವಿದ್ಯಾರ್ಥಿಗಳೇ, ಚಿಕ್ಕೋಡಿಯ ಬೆಲ್ಲ ಮೇಲೋ ರಾಯಬಾಗದ್ದು ಮೇಲೋ ಎಂದು ವಾದಿಸುವ ಮುನ್ನ ಎರಡನ್ನೂ ನೀರಿನಲ್ಲಿ ಕರಗಿಸಿ, ಮೂರು ಲೋಟಗಳನ್ನಿಡಿರಿ. ವ್ಯತ್ಯಾಸವುಂಟೆಂಬುದು ಮೊದಲು ಸಿದ್ಧವಾಗಲಿ, ವರ್ಣನೆ ಆಮೇಲಾಗಲಿ.